ಅಪ್ಪನ ಬ್ರಾಂದಿಗೆ ಸುಂಕ

ತೆರಿಗೆಯ ಕಾಟ ತಡೆಯಲಾಗುವುದಿಲ್ಲ ಎಂದು ನಾಲ್ಕು ಜನರ ನಡುವೆ ಗೊಣಗುವ ಹಕ್ಕು ನನಗಿಲ್ಲ. ಯಾಕೆಂದರೆ ಇನ್‌ಕಂ ಟ್ಯಾಕ್ಸಿನವರು ನನ್ನನ್ನು ಕರೆಸಿ, ಕೂರಿಸಿ, ವಿಚಾರಿಸಿ, ಬೇಡವೆಂದು ವಾಪಸು ಕಳಿಸಿದ್ದಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಮಾತಿಲ್ಲದೆ ಎದ್ದುಹೋದರೆ ಆ ಮನೆಯವರಿಗೆ ಹೇಗಾಗುತ್ತದೋ ನನಗೂ ಹಾಗೇ ಆಯಿತು.

ನಾನು ಮಡಿಕೇರಿ ಕೋರ್ಟಿನಲ್ಲಿ ವಕೀಲ. ಅಂದರೆ ಕರಿಕೋಟು ಹಾಕಿಕೊಂಡು ದಿನವೂ ಅಲ್ಲಿಗೆ ಹೋಗಿಬರುತ್ತೇನೆ. ಗಾಳಿಬೀಡಿನ ಗದ್ದೆಯಿಂದ ಅಕ್ಕಿ ಬರುವುದರಿಂದ ಸಂಸಾರ ನಡೆಯುತ್ತದೆ. ವಕೀಲಿಕೆಯಿಂದ ಮೀಸೆಗೆ ಹಚ್ಚುವ ಎಣ್ಣೆಯ ಖರ್ಚು ಹುಟ್ಟುತ್ತದೆ. ಹೀಗಿರುವಾಗ ಒಂದು ದಿನ ಇನ್‌ಕಂ ಟ್ಯಾಕ್ಸ್ ಆಫೀಸಿನಿಂದ ನೋಟೀಸು ಬಂತು, ಇಂಥ ದಿನ ಬಂದು ವರಮಾನದ ವಿವರ ಕೊಡತಕ್ಕದ್ದು ಎಂದು. ಬೇರೆಯವರಿಗೆ ಅಂಥದ್ದು ಬಂದರೆ ಜ್ವರ ಬರುತ್ತದೆ. ನಾನು ಅದನ್ನು ಕೋಟಿನ ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಪೇಟೆಯೆಲ್ಲ ತಿರುಗಿದೆ. ಬಾರ್ ರೂಮಿನಲ್ಲಿ ಕರವಸ್ತ್ರ ತೆಗೆಯುವ ನೆವದಲ್ಲಿ ಅದನ್ನು ಬೀಳಿಸಿ, ಬೇರೆಯವರು ಎತ್ತಿಕೊಡುವವರೆಗೆ ಕಾದೆ. "ಏನು ಮಾಡುವುದು, ನಮ್ಮಂಥವರನ್ನು ಸರಕಾರ ಬಿಡುವುದಿಲ್ಲ" ಎಂದು ನಿಟ್ಟುಸಿರೂ ಬಿಟ್ಟೆ. ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ನನ್ನ ಹೆಂಡತಿ ಕೈ ಒರೆಸಿಕೊಂಡು ಬಂದು, "ಟ್ಯಾಕ್ಸ್ ಬೀಳುವಷ್ಟ್ ದುಡ್ಡ್ ಎಲ್ಲಿ ಉಟ್ಟು? ನಂಗೂ ಒಮ್ಮೆ ತೋರ್ಸಿ" ಎಂದಳು.

ಆಫೀಸರು ಮದರಾಸಿನ ಕಡೆಯವರು, ಸಭ್ಯರು. ನಾನು ಕೊಟ್ಟ ವಿವರವನ್ನು ಒಮ್ಮೆ ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. "ವಕೀಲ್ ಸಾರ್, ಇದು ತಿಂಗಳದ್ದಲ್ವಾ?" ಎಂದು ಕೇಳಿದರು. "ಅಲ್ಲ, ವರ್ಷದ್ದು" ಎಂದೆ. ಅವರು ವಿವರದ ಕಾಗದವನ್ನು ಮಡಿಸಿ ನನ್ನ ಕಡೆಗೇ ಸರಿಸಿದರು. ಆಮೇಲೆ ಜವಾನನನ್ನು ಕರೆದು ನನಗೆ ಕಾಫಿ ತರಿಸಿದರು. ಸರಕಾರದ ಖರ್ಚಿನಲ್ಲಿ ನಾನು ಕುಡಿದ ಕಾಫಿ ಅದೊಂದೇ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವರು, "ಆರೋಗ್ಯ ನೋಡ್ಕೊಳ್ಳಿ" ಎಂದದ್ದು ಕೇಳಿಸಿತು. ನೋಟೀಸನ್ನು ಜೇಬಿನೊಳಗೆ ಪೂರ್ತಿ ತಳ್ಳಿಕೊಂಡು ಮನೆಗೆ ಬಂದೆ.

ಹಾಗೆಂದು ನಾನು ತೆರಿಗೆಯನ್ನೇ ಕಾಣದವನು ಎಂದು ತಿಳಿಯಬೇಡಿ. ನಮ್ಮ ಕೊಡಗು ಎಷ್ಟು ಸಣ್ಣದೆಂದರೆ ಬೆಳಿಗ್ಗೆ ತಿಂಡಿ ತಿಂದು ಯಾವ ದಿಕ್ಕಿಗೆ ಹೊರಟರೂ ಮಧ್ಯಾಹ್ನದ ಊಟಕ್ಕೆ ಬೇರೆ ಸರಕಾರದಲ್ಲಿರುತ್ತೇವೆ. ಮೂಡಣಕ್ಕೆ ಹೋದರೆ ಮೈಸೂರು ಮಹಾರಾಜರ ಸೀಮೆ. ಸಂಪಾಜೆ ದಾಟಿ ಘಟ್ಟ ಇಳಿದರೆ ಮದರಾಸಿನವರ ಮಂಗಳೂರು. ಮಾಕುಟ್ಟದ ಕಾಡು ದಾಟಿದರೆ ಮಲಬಾರ್, ಅದೂ ಮದರಾಸೇ. ಅದರ ಹೊಟ್ಟೆಯೊಳಗೆ ಒಂದು ಚೂರು ನೆಲ ಮಾಹೆ, ಅದು ಫ್ರೆಂಚರದು. ಇಷ್ಟೂ ಕಡೆ ಬೇರೆಬೇರೆ ಸುಂಕ, ಬೇರೆಬೇರೆ ಕಾನೂನು. ಒಂದು ಕಡೆ ಗಾಡಿಚಕ್ರಕ್ಕೆ ಟೋಲು, ಇನ್ನೊಂದು ಕಡೆ ಊರೊಳಗೆ ಬರುವ ಮೂಟೆಗೆ ಸುಂಕ, ಮತ್ತೊಂದು ಕಡೆ ಮಾರಿದ್ದಕ್ಕೆ ತೆರಿಗೆ. ನಮ್ಮ ಪುರಸಭೆಯವರಂತೂ ನಾಯಿಗೂ ತೆರಿಗೆ ಕೇಳುತ್ತಾರೆ. ನನ್ನ ನಾಯಿಗೆ ತೆರಿಗೆ ಬಿತ್ತು, ನನಗೆ ಬೀಳಲಿಲ್ಲ. ಅದರ ಮುಖದಲ್ಲಿ ಈಚೆಗೆ ಸ್ವಲ್ಪ ಗತ್ತು ಕಾಣುತ್ತಿದೆ.

ಮಾರಾಟ ತೆರಿಗೆ ಹೊಸದಾಗಿ ಬಂದ ಕಾಲದಲ್ಲಿ ಮಂಗಳೂರಿನ ಅಂಗಡಿಯೊಂದರಲ್ಲಿ ಒಂದು ಲಾಟೀನು ಕೊಂಡೆ. ಅಂಗಡಿಯವರು ಬೆಲೆಯ ಮೇಲೆ ಇನ್ನಷ್ಟು ಚಿಲ್ಲರೆ ಕೇಳಿದರು. ಯಾಕೆಂದರೆ ಸರಕಾರಕ್ಕೆ ಎಂದರು. ನಾನು ವಕೀಲನಲ್ಲವೇ, ಕೋಟಿನ ಕಾಲರು ಸರಿಮಾಡಿಕೊಂಡೆ. "ನೋಡಿ, ನಾನು ಕೊಡಗಿನವನು. ನಿಮ್ಮ ಸರಕಾರಕ್ಕೂ ನನಗೂ ಸಂಬಂಧವಿಲ್ಲ. ನಿಮ್ಮ ಶಾಲೆಯಲ್ಲಿ ನಾನು ಓದಿಲ್ಲ, ನಿಮ್ಮ ಆಸ್ಪತ್ರೆಯಲ್ಲಿ ಮಲಗಿಲ್ಲ" ಎಂದು ವಾದ ಹೂಡಿದೆ. ಅವರು ಲಾಟೀನಿಗೆ ಕಾಗದ ಸುತ್ತುತ್ತಲೇ, "ಅದು ಸರಿ ಮಾರಾಯ್ರೆ. ನೀವು ಸಂಪಾಜೆಯಿಂದ ಇಲ್ಲಿವರೆಗೆ ಬಂದದ್ದು ಯಾರ ರಸ್ತೆಯಲ್ಲಿ?" ಎಂದರು. ನನ್ನ ವಕೀಲಿಕೆಯಲ್ಲಿ ಎದುರು ಪಕ್ಷದವರು ಇಷ್ಟು ಬೇಗ ಗೆದ್ದದ್ದು ಅಪರೂಪ. ಚಿಲ್ಲರೆ ಕೊಟ್ಟು ಬಂದೆ.

ಕಕ್ಷಿದಾರರಿಲ್ಲದ ವಕೀಲನಿಗೆ ಬಿಡುವು ಬೇಕಾದಷ್ಟು. ಆ ಬಿಡುವಿನಲ್ಲಿ ಹಳೆಯ ಶಾಸನಗಳನ್ನು ಓದುವ ಚಟ ಹತ್ತಿಸಿಕೊಂಡಿದ್ದೇನೆ. ಅಲ್ಲಿ ನೋಡಿದರೆ ನಮ್ಮ ಹಿಂದಿನ ಅರಸರೂ ಕಡಿಮೆಯವರಲ್ಲ. ಮಗ್ಗಕ್ಕೆ ತೆರೆ, ಗಾಣಕ್ಕೆ ತೆರೆ, ಮನೆಗೆ ತೆರೆ, ಮದುವೆಗೂ ಸುಂಕ. ಮಕ್ಕಳಿಲ್ಲದೆ ತೀರಿಕೊಂಡವನ ಆಸ್ತಿಯ ಮೇಲೂ ಅರಮನೆಗೆ ಕಣ್ಣು. ಇಷ್ಟನ್ನೆಲ್ಲ ವಸೂಲಿ ಮಾಡಿದವನನ್ನೇ ಅದೇ ಕಲ್ಲಿನಲ್ಲಿ ಕಾಮಧೇನು, ಕಲ್ಪವೃಕ್ಷ ಎಂದು ಹೊಗಳಿರುತ್ತಾರೆ. ಈಗಿನ ಸರಕಾರವೇನಾದರೂ ಹೊಗಳಿ ಕೆತ್ತಿಸಬೇಕೆಂದಿದ್ದರೆ ನಾನು ಬರೆದುಕೊಡಲು ಸಿದ್ಧನಿದ್ದೇನೆ. ಒಂದು ಕಕ್ಷಿ ಸಿಕ್ಕಂತಾಯಿತು.

ನನ್ನ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಬಿಳಿದೊರೆಯ ಕೈಕೆಳಗೆ ಲೆಕ್ಕ ಬರೆಯುವ ಕೆಲಸ. ನನ್ನನ್ನು ಕಾನೂನು ಓದಿಸಿದ್ದು ಅವರೇ. ಬದುಕಿನಲ್ಲಿ ಅವರು ತೆತ್ತ ದೊಡ್ಡ ತೆರಿಗೆ ನಾನೇ ಎನ್ನಬೇಕು. ಎಲ್ಲರೂ ತೆರಿಗೆ ಕೊಟ್ಟಮೇಲೆ ನಿರೀಕ್ಷಿಸುವಂತೆ ಅವರೂ ಏನೋ ಒಳ್ಳೆಯದಾದೀತೆಂದು ಕಾದರು. ದೊರೆ ಪ್ರತಿವರ್ಷ ಕ್ರಿಸ್‌ಮಸ್ ದಿನ ಅಪ್ಪನನ್ನು ಬಂಗಲೆಗೆ ಕರೆಸಿ ಸಣ್ಣ ಗ್ಲಾಸಿನಲ್ಲಿ ಫ್ರೆಂಚ್ ಬ್ರಾಂದಿ ಕೊಡುತ್ತಿದ್ದನಂತೆ. ವರ್ಷಕ್ಕೆ ಒಂದೇ ಗುಟುಕು. ಅಪ್ಪನಿಗೆ ಬೇರೆ ಚಟವಿರಲಿಲ್ಲ, ಆದರೆ ಆ ಗುಟುಕಿನ ಮಾತು ಬಂದರೆ ಕಣ್ಣುಮುಚ್ಚಿ, "ಗಂಟ್ಲಲ್ಲಿ ಇಳಿವಾಗ ಕಿತ್ತಳೆ ತೋಟಲಿ ನಡ್ದಂಗೆ" ಎನ್ನುತ್ತಿದ್ದರು. ದೊರೆ ತೋಟ ಮಾರಿ ತನ್ನ ಸೀಮೆಗೆ ವಾಪಸು ಹೋದ. ಆಮೇಲೆ ಅಪ್ಪನಿಗೆ ಅದು ಸಿಗಲಿಲ್ಲ. ನನ್ನ ಸಂಪಾದನೆಯಿಂದ ಒಂದು ದಿನ ತಂದುಕೊಡುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಹೇಳುತ್ತಿರುವಾಗಲೇ ಅವರು ತೀರಿಕೊಂಡರು.

ವರ್ಷ ತುಂಬುವಾಗ ನಮ್ಮಲ್ಲಿ ತೀರಿಕೊಂಡವರನ್ನು ಗುರುಕಾರ್ನೋರ ಜೊತೆ, ಎಂದರೆ ಮನೆತನದ ಹಿರಿಯರ ಜೊತೆ, ಸೇರಿಸಿ ಬಡಿಸುವ ಪದ್ಧತಿ. ಕೋಳಿ, ಹಂದಿ, ಅಕ್ಕಿರೊಟ್ಟಿ, ಕಳ್ಳು, ಅವರು ಆಸೆಪಟ್ಟು ತಿನ್ನುತ್ತಿದ್ದದ್ದು ಯಾವುದೂ ಬಿಡುವಂತಿಲ್ಲ. ಅಪ್ಪ ಮೊದಲ ಸಲ ಹಿರಿಯರ ಪಂಕ್ತಿಯಲ್ಲಿ ಕೂರುವ ದಿನ. ಆ ದಿನವೂ ಆ ಬ್ರಾಂದಿ ಇಲ್ಲದಿದ್ದರೆ ಇನ್ನು ನಾನು ಅವರಿಗೆ ಯಾವಾಗ ಕೊಡುವುದು? ಅದೊಂದು ಮನಸ್ಸಿಗೆ ಹತ್ತಿತು, ಬಿಡಲಿಲ್ಲ.

ಮಡಿಕೇರಿಯಲ್ಲಿ ಅಂಥ ಬಾಟಲಿ ಇದ್ದದ್ದು ಪಾರ್ಸಿ ಮುದುಕನ ಅಂಗಡಿಯಲ್ಲಿ ಮಾತ್ರ. ಬೆಲೆ ಕೇಳಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮುದುಕ ಮರುಕದಿಂದ ಬಾಟಲಿಯ ತಳಕ್ಕೆ ಎರಡು ಬೆರಳು ಅಡ್ಡ ಹಿಡಿದು ತೋರಿಸಿದ. "ಬ್ರಾಂದಿ ಇಷ್ಟೇ, ವಕೀಲ್ ಸಾಬ್. ಮೇಲಿಂದೆಲ್ಲ ಸರ್ಕಾರ." ಹಡಗಿನಿಂದ ಇಳಿಯುವಾಗ ಒಂದು ಸುಂಕ, ಮದರಾಸಿನಲ್ಲಿ ಒಂದು, ಕೊಡಗಿನ ಅಬ್ಕಾರಿಯದೊಂದು. ಇಷ್ಟು ಸರಕಾರಗಳು ಕುಡಿದು ಮಿಕ್ಕ ಎಂಜಲನ್ನು ನನ್ನಪ್ಪನಿಗೆ ಬಡಿಸುವುದೇ ಎಂದು ನನಗೆ ರೋಷ ಬಂತು. ದುಡ್ಡಿಲ್ಲದವನಿಗೆ ರೋಷ ಬಂದರೆ ಅದನ್ನು ತತ್ತ್ವ ಎಂದು ಕರೆದುಕೊಳ್ಳುತ್ತಾನೆ. ತತ್ತ್ವಕ್ಕಾಗಿ ಮಾಹೆಗೆ ಹೊರಟೆ. ಅಲ್ಲಿ ಫ್ರೆಂಚರ ಸಾಮಾನಿಗೆ ಸುಂಕವಿಲ್ಲವೆಂದು ಊರಿಗೇ ಗೊತ್ತು.

ಬಸ್ಸಿನಲ್ಲಿ ಮಾಕುಟ್ಟದ ಘಟ್ಟ ಇಳಿದು, ತಲಚೇರಿಯಲ್ಲಿ ಬಸ್ಸು ಬದಲಿಸಿ ಹೋದೆ. ಬಾಟಲಿ ಸಿಕ್ಕಿತು, ನಂಬಲಾಗದಷ್ಟು ಅಗ್ಗ. ಅದನ್ನು ಕರಿಕೋಟಿನಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟು, ಮೇಲೆ ಎರಡು ಕಾನೂನಿನ ಪುಸ್ತಕ ಹೇರಿದೆ. ಕಾನೂನಿನ ಕೆಳಗೆ ಏನು ಬೇಕಾದರೂ ಅಡಗಿಸಬಹುದು ಎಂಬುದು ನನ್ನ ವೃತ್ತಿಯ ನಂಬಿಕೆ.

ಮಾಹೆಯ ಗಡಿಯ ಚೌಕಿ ಹತ್ತಿರವಾದಂತೆ ಚೀಲವನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನನ್ನು ಕಳ್ಳ ಎಂದು ಯಾರೂ ಕರೆಯುವ ಮೊದಲೇ ನಾನು ಎದ್ದು ಹೋಗಿ ಚೌಕಿಯವನ ಮುಂದೆ ನಿಂತು, ನನ್ನ ಕೊಡೆ ಚಾಚಿ, "ಇದಕ್ಕೆ ಸುಂಕ ಎಷ್ಟು?" ಎಂದು ಕೇಳಿದೆ. ಅವನು ಕೊಡೆ ಬಿಡಿಸಿದ. ಎರಡು ಕಡ್ಡಿ ಮುರಿದಿತ್ತು, ತೂತಿನಿಂದ ಸೂರ್ಯ ಕಂಡ. "ಇದು ಇಲ್ಲಿ ವಾಂಗಿದ್ದಾ?" ಎಂದ. ಇಲ್ಲಿ ಕೊಂಡದ್ದಲ್ಲ, ಮನೆಯಿಂದ ತಂದದ್ದು, ಆದರೂ ಕಾನೂನು ಕಾನೂನೇ ಎಂದೆ. ಅವನು ಪಕ್ಕದವನಿಗೆ ಮಲಯಾಳದಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. "ಪೋಯಿಕ್ಕೋ ಸಾರೇ, ಹೋಗಿ" ಎಂದು ಕೊಡೆ ಮಡಿಸಿಕೊಟ್ಟ. ಮಾಕುಟ್ಟದಲ್ಲಿ ಹತ್ತಿದ ಪೇದೆ ಬಸ್ಸಿನವರ ಬುಟ್ಟಿ ಬುಟ್ಟಿಯನ್ನೂ ಕೆದಕಿದ, ಒಬ್ಬ ಮುದುಕಿಯ ಒಣಮೀನಿನ ಗಂಟನ್ನೂ ಬಿಡಲಿಲ್ಲ. ನನ್ನ ಮುಖ ನೋಡಿ ಮುಂದೆ ಹೋದ. ಪಾರಾದದ್ದಕ್ಕೆ ಸಂತೋಷಪಡಬೇಕಾಗಿತ್ತು. ಆದರೆ ನಿಜ ಹೇಳುತ್ತೇನೆ, ಸ್ವಲ್ಪ ಬೇಸರವೇ ಆಯಿತು. ತೆರಿಗೆ ಕೊಡುವ ಯೋಗ್ಯತೆ ಇಲ್ಲವೆಂದು ಒಬ್ಬರು ತೀರ್ಮಾನಿಸಿದ್ದರು. ತೆರಿಗೆ ತಪ್ಪಿಸುವ ಯೋಗ್ಯತೆಯೂ ಇಲ್ಲವೆಂದು ಇನ್ನೊಬ್ಬರು.

ಆ ಬೇಸರ ಕಳೆಯಲು ಊರಿಗೆ ಬಂದ ಕೂಡಲೇ ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪನ ಅಣ್ಣ ಅವರು, ಮನೆತನಕ್ಕೆ ಹಿರಿಯರು, ಕಿವಿ ಮಂದ. ಆದ್ದರಿಂದ ಕೂಗಿ ಹೇಳಿದೆ. ಹೇಳುವಾಗ ಚೌಕಿಯಲ್ಲಿ ಪೇದೆಗಳ ಸಂಖ್ಯೆ ಹೆಚ್ಚಿತು, ನನ್ನ ಧೈರ್ಯವೂ ಹೆಚ್ಚಿತು. ಅವರು ತಲೆದೂಗುತ್ತ ಕೇಳಿದರು.

ಬಡಿಸುವ ದಿನ ಗಾಳಿಬೀಡಿನ ಮನೆಯಲ್ಲಿ ನೆಂಟರು ತುಂಬಿದ್ದರು. ಬಾಟಲಿಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಹಿರಿಯರಿಗೆ ಒಂದು ದೊನ್ನೆ ಬಡಿಸಿದರೆ ಮಿಕ್ಕದ್ದು ಬದುಕಿದವರಿಗೆ, ಅದೂ ಪದ್ಧತಿಯೇ. ದೊಡ್ಡಪ್ಪ ಬೆಳಗಿನಿಂದ ಒಂದು ಸಣ್ಣ ಗ್ಲಾಸನ್ನು ಪಂಚೆಯ ತುದಿಯಿಂದ ಉಜ್ಜುತ್ತಲೇ ಇದ್ದರು. ನನಗೂ ಆಸೆಯಿತ್ತು, ಸುಳ್ಳೇಕೆ. ಕಿತ್ತಳೆ ತೋಟದಲ್ಲಿ ನಡೆಯುವುದೆಂದರೆ ಹೇಗೆಂದು ನೋಡಬೇಕಾಗಿತ್ತು.

ಅಷ್ಟರಲ್ಲಿ ನನ್ನ ತಂಗಿಯ ಗಂಡ ಬಂದರು. ಅವರಿಗೆ ಮಡಿಕೇರಿಯಲ್ಲಿ ಕಾಫಿ ವ್ಯಾಪಾರ. ಆಫೀಸರುಗಳ ಜೊತೆ ಕಾಣಿಸಿಕೊಳ್ಳುವುದೆಂದರೆ ಪ್ರಾಣ. "ಭಾವಾ, ಯಾರನ್ನ ಕರ್ಕಂಡ್ ಬಂದಿದ್ದೆ ನೋಡಿ" ಎಂದರು. ಹಿಂದೆ ಖಾಕಿ ಟೊಪ್ಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದವರು ಅಬ್ಕಾರಿ ಇನ್‌ಸ್ಪೆಕ್ಟರು, ಮಂಗಳೂರು ಕಡೆಯ ಶೆಟ್ಟರು, ಹೊಸದಾಗಿ ವರ್ಗವಾಗಿ ಬಂದವರು. ಹಿರಿಯರಿಗೆ ಬಡಿಸುವ ದಿನ ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸುವಂತಿಲ್ಲ. "ಬನ್ನಿ, ಕೂತ್ಕೊಳ್ಳಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಇನ್ನು ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ಅಂಗಳದಾಚೆ ಹಿರಿಯರಿಗೆಂದು ನೆಟ್ಟ ಕಲ್ಲಿನ ಮುಂದೆ ಎಲೆ ಹಾಸಿ ಬಡಿಸಿದ ಮೇಲೆ, ಯಾವ ಪದಾರ್ಥ ಎಲ್ಲಿಂದ ಬಂತೆಂದು ಮನೆಯ ಹಿರಿಯ ಒಂದೊಂದಾಗಿ ಗಟ್ಟಿಯಾಗಿ ಹೇಳಬೇಕು. ಮೂಲ ತಿಳಿಯದ ಅನ್ನವನ್ನು ಕಾರ್ನೋರು ಮುಟ್ಟುವುದಿಲ್ಲ ಎಂಬ ನಂಬಿಕೆ. ಇದನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದವನು. ಆದರೂ ಬಾಟಲಿ ತರುವಾಗ ಇದರ ನೆನಪೇ ಬರಲಿಲ್ಲ. ಮೂರು ಸರಕಾರಗಳ ಕಾನೂನು ಯೋಚಿಸಿದವನು ಮನೆಯಂಗಳದ ಕಾನೂನು ಮರೆತಿದ್ದೆ.

ದೊಡ್ಡಪ್ಪ ಕೈಮುಗಿದು ಶುರುಮಾಡಿದರು. ಕಿವಿ ಮಂದವಾದವರ ಧ್ವನಿ, ಗುಡ್ಡಕ್ಕೆಲ್ಲ ಕೇಳಿಸುವಂಥದ್ದು. "ಗುರುಕಾರ್ನೋರೇ, ಇದ್ ನಮ್ಮ ಗದ್ದೆ ಅಕ್ಕಿ. ಇದ್ ಮನೆಲಿ ಸಾಕಿದ ಕೋಳಿ. ಇದ್ ಕೆಳಮನೆಯವ್ ಕೊಟ್ಟ ಹಂದಿ." ಆಮೇಲೆ ಬಾಟಲಿಯ ಕಡೆ ತಿರುಗಿದರು. ನಾನು ಕೆಮ್ಮಿದೆ. ಕಣ್ಣುಸನ್ನೆ ಮಾಡಿದೆ. ಅವರ ಪಂಚೆಯ ತುದಿ ಹಿಡಿದು ಎಳೆದೆ. ಅವರು ತಿರುಗಿ ನನ್ನನ್ನು ಗದರಿಸಿದರು: "ಎಂತ ಎಳೀತೀಯ? ಕಾರ್ನೋರ ಎದುರು ಸುಳ್ಳು ಹೇಳುಕೆ ಉಟ್ಟಾ?" ಮತ್ತೆ ಕಲ್ಲಿಗೆ ಕೈಮುಗಿದು, "ತಮ್ಮಾ, ಇದ್ ನೀ ಆಸೆಪಟ್ಟ ಬ್ರಾಂದಿ. ನಿನ್ನ ಮಗ ಮಾಹೆಂದ ತಂದದ್. ಗಡಿಲಿ ಸುಂಕ ಕೊಟ್ಟಿಲ್ಲೆ, ಮಾಕುಟ್ಟಲಿ ತೋರ್ಸಿಲ್ಲೆ. ಕರಿಕೋಟಲಿ ಮುಚ್ಚಿ ತಂದದ್. ಒಪ್ಪಿಸ್ಕಣಿ" ಎಂದು ಮುಗಿಸಿದರು.

ತಂಗಿಯ ಗಂಡ ದೂರದ ಬೆಟ್ಟವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಶೆಟ್ಟರು ನಿಧಾನವಾಗಿ ಎದ್ದು ಬಂದರು. "ಅಲ್ಲ ವಕೀಲರೇ, ನಾನು ಊಟಕ್ಕೆ ಬಂದವ. ಆದ್ರೆ ಕಿವಿಗೆ ಬಿದ್ದದ್ದನ್ನು ಬಿದ್ದಿಲ್ಲ ಅಂತ ಹೇಗೆ ಹೇಳುದು?" ಎಂದರು. ಕೈ ಬಾಟಲಿಯ ಕಡೆ ಹೋಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲವೆಂದು ಗಾದೆಯೇ ಇದೆ. ಆದರೆ ಆ ಕೈ ನೋಡಿ ನನ್ನ ವಕೀಲಿಕೆಯ ಸನದು ಹೋಗುತ್ತದೆಂದಾಗಲಿ, ಮಾನ ಹೋಗುತ್ತದೆಂದಾಗಲಿ ನನಗೆ ಅನ್ನಿಸಲಿಲ್ಲ. ಅಪ್ಪನ ಎಲೆಯಿಂದ ಬಾಟಲಿ ಹೋಗುತ್ತದೆಂದು ಮಾತ್ರ ಅನ್ನಿಸಿತು. ಕಲಿತ ಕಾನೂನೊಂದೂ ಬಾಯಿಗೆ ಬರಲಿಲ್ಲ. "ಸ್ವಾಮಿ, ಕೇಸು ಹಾಕಿ, ದಂಡ ಹಾಕಿ, ನಾನು ಒಪ್ಪಿಕೊಳ್ಳುತ್ತೇನೆ. ಒಂದು ದೊನ್ನೆ ಬಡಿಸಿದ ಮೇಲೆ ತೆಗೆದುಕೊಂಡು ಹೋಗಿ. ಅವರು ಬದುಕಿದ್ದಾಗ ನಾನು ಏನೂ ತಂದುಕೊಡಲಿಲ್ಲ" ಎಂದೆ.

ಶೆಟ್ಟರು ಬಾಟಲಿಯನ್ನೂ ಕಲ್ಲನ್ನೂ ನೋಡಿದರು. ನೆಂಟರ ಕೈಯ ಗ್ಲಾಸುಗಳನ್ನೂ ನೋಡಿದರು. ಆಮೇಲೆ, "ನೋಡಿ, ಬದುಕಿದವರು ಒಬ್ರು ಇದನ್ನು ಬಾಯಿಗೆ ಇಟ್ರೂ ನಾನು ಕೇಸು ಬರೆಯುವವನೇ. ಸತ್ತವರು ಕುಡಿದ್ರೆ ಹಿಡೀಲಿಕ್ಕೆ ನನಗೆ ಅಧಿಕಾರ ಇಲ್ಲ. ಒಂದು ದೊನ್ನೆ ಎಂತಕ್ಕೆ? ಪೂರಾ ಅವರಿಗೇ ಹಾಕಿ" ಎಂದರು.

ನೆಂಟರ ನಡುವಿನಿಂದ ಒಂದು ನರಳಾಟ ಎದ್ದಿತು. ದೊಡ್ಡಪ್ಪನಿಗೆ ಇದನ್ನು ಎರಡು ಸಲ ಕೂಗಿ ಹೇಳಬೇಕಾಯಿತು; ಕೇಳಿಸಿದ ಮೇಲೂ ಕೇಳಿಸಲಿಲ್ಲವೆಂದೇ ಮುಖ ಮಾಡಿದರು. ನಾನು ಬಿರಡೆ ತೆಗೆದು ಕಲ್ಲಿನ ಬುಡಕ್ಕೆ ಸುರಿದೆ. ವರ್ಷಕ್ಕೊಂದು ಗುಟುಕು ಕುಡಿದ ಮನುಷ್ಯನಿಗೆ ಇಡೀ ಬಾಟಲಿ. ಅಪ್ಪನಿಗೆ ನಾನೇ ಕೊಡುವುದಾಗಿದ್ದರೆ ಒಂದು ದೊನ್ನೆ ಕೊಟ್ಟು ಮಿಕ್ಕದ್ದನ್ನು ನೆಂಟರ ಜೊತೆ ಹಂಚಿಕೊಳ್ಳುತ್ತಿದ್ದೆ. ಸರಕಾರ ಅಡ್ಡ ಬಂದದ್ದರಿಂದ ಪೂರ್ತಿ ಸಿಕ್ಕಿತು. ನಾನು ಅಳುತ್ತಿದ್ದೆ, ನಗುವೂ ಬರುತ್ತಿತ್ತು.

"ಸ್ವಲ್ಪ ಉಳ್ಸಿ ಮಾರಾಯ್ರೆ." ಶೆಟ್ಟರು ಹತ್ತಿರ ಬಂದಿದ್ದರು. ನೆಂಟರೆಲ್ಲ ಆಸೆಯಿಂದ ಕತ್ತು ಚಾಚಿದರು. ಶೆಟ್ಟರು ಬೂಟು ಬಿಚ್ಚುತ್ತ ಹೇಳಿದರು: "ಕುಡೀಲಿಕ್ಕೆ ಅಲ್ಲ. ನಮ್ಮಲ್ಲೂ ಹಿರಿಯರಿಗೆ ಬಡಿಸುದು ಉಂಟು. ಈ ವರ್ಷ ರಜೆ ಸಿಗ್ಲಿಲ್ಲ. ಊರಲ್ಲಿ ಅಪ್ಪನಿಗೆ ಬಡಿಸುವ ದಿನ ನಾನು ಇಲ್ಲಿ ಯಾರದ್ದೋ ಕಳ್ಳಿನ ಮಡಕೆ ಒಡೀತಿದ್ದೆ." ಬರಿಗಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಟಲಿಯಲ್ಲಿ ಉಳಿದದ್ದನ್ನು ಕಲ್ಲಿನ ಪಕ್ಕಕ್ಕೆ ಬಗ್ಗಿಸಿ, ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಎದ್ದಾಗ ಅವರ ಕಣ್ಣು ಕೆಂಪಾಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, "ತಂದೆಯವರು ಏನು ಮಾಡುತ್ತಿದ್ದರು?" ಎಂದೆ. "ನಮ್ಮದೇ ಇಲಾಖೆ. ಚೌಕಿಯಲ್ಲಿ ಜಮೇದಾರು" ಎಂದರು.

ಅಪ್ಪನಿಗೆ ಒಬ್ಬರೇ ಕೂತು ಉಣ್ಣುವುದು ಸೇರುತ್ತಿರಲಿಲ್ಲ. ಅಂದು ಜೊತೆಗೊಬ್ಬರು ಸಿಕ್ಕಿದರು. ಆ ಜಮೇದಾರರು ಹಳೆಯ ಅಭ್ಯಾಸದಿಂದ ಬಾಟಲಿ ಎಲ್ಲಿಂದ ಬಂತೆಂದು ವಿಚಾರಿಸಿದರೋ ಇಲ್ಲವೋ ನಾನು ಕಾಣೆ. ವಿಚಾರಿಸಿದ್ದರೆ ಅಪ್ಪ ಕಣ್ಣುಮುಚ್ಚಿಕೊಂಡೇ ಹೇಳಿರುತ್ತಾರೆ, ಮಗ ತಂದದ್ದು ಎಂದು.